ವಯಸ್ಸಾಗುವುದನ್ನು ಒಪ್ಪಿಕೊಳ್ಳುವುದು ಹೇಗೆ: ಮನಸ್ಸಿಗಿಂತ ಮೊದಲು ಕನ್ನಡಕ

"ಇನ್ನು ಮೇಲೆ ವಯಸ್ಸಿನ ಬಗ್ಗೆ ಗೊಣಗಲ್ಲ, ಖುಷಿಯಾಗಿರ್ತೀನಿ" ಎಂದು ಹುಟ್ಟುಹಬ್ಬದ ದಿನ ತೀರ್ಮಾನ ಮಾಡಿ, ಮೂರನೇ ವಾರಕ್ಕೆ ಕೈಬಿಟ್ಟ ಹೆಂಗಸರು ನನಗೆ ಬೇಕಾದಷ್ಟು ಜನ ಗೊತ್ತು. ನಾನೇ ಎರಡು ಸಲ ಹೀಗೆ ಮಾಡಿದ್ದೇನೆ. ಛಲ ಸಾಲದೆ ಹೀಗಾಯಿತು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಕೆಲಸದ ಕ್ರಮವೇ ತಲೆಕೆಳಗಾಗಿತ್ತು. ಎಲ್ಲರೂ ಮನಸ್ಸಿನಿಂದ ಶುರು ಮಾಡುತ್ತಾರೆ. ರಾತ್ರಿ ಮೂರು ಸಲ ಎದ್ದು, ಬೆಳಿಗ್ಗೆ ಮೊಣಕಾಲು ಹಿಡಿದುಕೊಂಡು ಏಳುವವಳಿಗೆ "ಪಾಸಿಟಿವ್ ಆಗಿ ಯೋಚಿಸು" ಅಂದರೆ ಎಷ್ಟು ದಿನ ಯೋಚಿಸಿಯಾಳು?

ನನಗೆ 46 ಆಗಿದ್ದಾಗ ಒಂದು ಸಂಜೆ ಅಂಗಿಯ ಗುಂಡಿ ಹೊಲಿಯಲು ಕೂತೆ. ದಾರದ ತುದಿಯನ್ನು ಬಾಯಲ್ಲಿಟ್ಟು ಒದ್ದೆ ಮಾಡಿ, ಹುರಿ ಮಾಡಿ, ಸೂಜಿಯ ಕಣ್ಣಿಗೆ ಹಿಡಿದರೆ ಪಕ್ಕಕ್ಕೆ ಹೋಗುತ್ತಿತ್ತು. ಐದು ಸಲ, ಆರು ಸಲ. ಕೈ ನಡುಗಲು ಶುರುವಾಯಿತು. ಅಂಗಿಯನ್ನು ಅಲ್ಲೇ ಎಸೆದು "ಮುದುಕಿ ಆಗ್ಬಿಟ್ಟೆ" ಅಂತ ಅತ್ತುಬಿಟ್ಟೆ. ಮುಂದಿನ ವಾರ +1.25ರ ಕನ್ನಡಕ ಬಂತು. ಅದೇ ಸೂಜಿ, ಅದೇ ದಾರ, ಮೊದಲ ಸಲಕ್ಕೇ ತೂರಿತು. ಮುದುಕಿ ಅಂತ ಅತ್ತದ್ದು ಚಾಳೀಸಿಗಾಗಿ ಅತ್ತದ್ದು, ಅಷ್ಟೇ.

ಅದಕ್ಕೇ ಇಲ್ಲಿನ ಕ್ರಮ ಹೀಗೆ: ಮೊದಲು ಬರೆದಿಡುವುದು, ಆಮೇಲೆ ರಿಪೇರಿ, ಆಮೇಲೆ ಬಲ. ಕನ್ನಡಿ, ಮಾತು, ಜನ, ಭಯ ಇವೆಲ್ಲ ಅದಾದ ಮೇಲೆ. ಹಂತ ಹಾರಬೇಡಿ. ಒಟ್ಟು ಮೂರು ತಿಂಗಳು ಇಟ್ಟುಕೊಳ್ಳಿ.

## ಶುರು ಮಾಡುವ ಮೊದಲು ಏನೇನು ಬೇಕು

ಒಂದು ಚಿಕ್ಕ ನೋಟ್‌ಬುಕ್. ಕೈಯೂರುವ ಆಸರೆ ಇಲ್ಲದ, ಅಲ್ಲಾಡದ ಒಂದು ಕುರ್ಚಿ. ಸೆಕೆಂಡು ತೋರಿಸುವ ಗಡಿಯಾರ ಅಥವಾ ಫೋನು. ಹಗಲು ಬೆಳಕು ಬೀಳುವ ಜಾಗದಲ್ಲಿ ಒಂದು ಕನ್ನಡಿ. ನಿಮ್ಮ ಹಳೆಯ ರಕ್ತಪರೀಕ್ಷೆಯ ಚೀಟಿಗಳು, ಇದ್ದರೆ.

ಕ್ರೀಮು, ಸೀರಮ್ಮು, ಮಾತ್ರೆ ಯಾವುದೂ ಈಗ ಬೇಡ. ಮೊದಲೇ ಕೊಂಡರೆ ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ದಿನಾ ಕನ್ನಡಿ ನೋಡುವುದೇ ಕೆಲಸವಾಗುತ್ತದೆ.

## ಹಂತ 1: ಏಳು ದಿನ ಗೊಣಗಾಟ ಬರೆದಿಡಿ

"ವಯಸ್ಸಾಯ್ತು" ಅನ್ನುವ ಯೋಚನೆ ಬಂದಾಗಲೆಲ್ಲ ಒಂದು ಸಾಲು ಬರೆಯಿರಿ. ಬದಲಾಯಿಸಬೇಡಿ, ಸಮಾಧಾನ ಹೇಳಿಕೊಳ್ಳಬೇಡಿ. ಸುಮ್ನೆ ಬರೆಯಿರಿ.

ಏಳನೇ ದಿನ ಪ್ರತಿ ಸಾಲಿನ ಮುಂದೆ ಒಂದು ಗುರುತು ಹಾಕಿ. ದೇಹದ್ದಾದರೆ "ದೇ". ಯಾರೋ ಏನೋ ಅಂದದ್ದರಿಂದ ಬಂದಿದ್ದರೆ "ಮಾ". ಮುಂದೆ ಏನಾಗುತ್ತೋ ಅನ್ನುವ ದಿಗಿಲಾದರೆ "ಭ". ನನ್ನ ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ದೇಹದ ಸಾಲುಗಳೇ ಇದ್ದವು. ಮನಸ್ಸಿನ ಸಮಸ್ಯೆ ಅಂತ ನಾನು ಹೊತ್ತುಕೊಂಡಿದ್ದ ಭಾರ ಮುಕ್ಕಾಲು ಪಾಲು ಕಣ್ಣು, ನಿದ್ದೆ, ಮೊಣಕಾಲಿನದು.

ಇಲ್ಲಿ ಆಗುವ ತಪ್ಪು: ರಾತ್ರಿ ಕೂತು ನೆನಪಿನಿಂದ ಬರೆಯುವುದು. ಆಗ "ಮೈಯೆಲ್ಲಾ ನೋವು" ಅಂತ ಒಂದೇ ಸಾಲು ಬರುತ್ತದೆ. ಅದರಿಂದ ಏನೂ ಮಾಡಲು ಬರುವುದಿಲ್ಲ. "ಮೆಟ್ಟಿಲು ಇಳಿಯುವಾಗ ಬಲ ಮೊಣಕಾಲು ಚುಳ್ ಅಂತು, ಹತ್ತುವಾಗ ಇಲ್ಲ" ಅಂತ ಬರೆದರೆ ವೈದ್ಯರಿಗೂ ಉಪಯೋಗ, ನಿಮಗೂ ಉಪಯೋಗ.

## ಹಂತ 2: ರಿಪೇರಿ ಆಗುವುದನ್ನು ರಿಪೇರಿ ಮಾಡಿಸಿ

"ದೇ" ಗುರುತಿನ ಸಾಲುಗಳನ್ನು ಮಾತ್ರ ಈಗ ತೆಗೆದುಕೊಳ್ಳಿ. ಹೆಚ್ಚಿನವರು ಇಲ್ಲಿಗೆ ಬರದೆ ನೇರ ಧ್ಯಾನಕ್ಕೆ ಹೋಗುತ್ತಾರೆ. ಈ ಹಂತಕ್ಕೆ ಮೂರರಿಂದ ನಾಲ್ಕು ವಾರ ಕೊಡಿ.

ಕಣ್ಣು. 40ರ ಆಸುಪಾಸಿನಲ್ಲಿ ಕಣ್ಣಿನೊಳಗಿನ ಮಸೂರ ಗಡಸಾಗಲು ಶುರುವಾಗಿ, ಹತ್ತಿರದ್ದು ಮಸುಕಾಗುತ್ತದೆ. ಎಲ್ಲರಿಗೂ ಆಗುತ್ತದೆ. ಫೋನಿನ ಅಕ್ಷರ ದೊಡ್ಡದು ಮಾಡುತ್ತಾ ಹೋಗುವುದು ಕಾಲ ತಳ್ಳುವ ಉಪಾಯ. ಪರೀಕ್ಷೆಗೆ ಹೋದಾಗ ಕಣ್ಣಿನ ಒತ್ತಡವನ್ನೂ ನೋಡಿಸಿ. ಕಣ್ಣಿನ ನರವನ್ನು ಹಾಳುಮಾಡುವ ಗ್ಲಾಕೋಮಾ ಸಾಮಾನ್ಯವಾಗಿ ಸದ್ದಿಲ್ಲದೆ ಬರುತ್ತದೆ.

ಕಿವಿ. ಟಿವಿ ಸದ್ದು ಜಾಸ್ತಿ ಅಂತ ಮನೆಯವರು ಪದೇ ಪದೇ ಹೇಳುತ್ತಿದ್ದರೆ, ಗುಂಪಿನಲ್ಲಿ ಮಾತು ಹಿಡಿಯಲಾಗದೆ ನೀವು ಸುಮ್ಮನಾಗುತ್ತಿದ್ದರೆ, ಪರೀಕ್ಷೆ ಮಾಡಿಸಿ. ಮರೆವಿನ ಕಾಯಿಲೆಗೆ ಕಾರಣವಾಗಬಹುದಾದ, ಆದರೆ ನಾವು ಸರಿಪಡಿಸಬಹುದಾದ 14 ಅಂಶಗಳನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ಅದರಲ್ಲಿ ಕಿವಿ ಕೇಳಿಸದಿರುವುದೂ ಒಂದು. ಕನ್ನಡಕಕ್ಕೆ ಇಲ್ಲದ ನಾಚಿಕೆ ಕಿವಿಯ ಯಂತ್ರಕ್ಕೆ ಯಾಕೆ ಅನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಸುಸ್ತು, ಮರೆವು. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ವಿಟಮಿನ್ ಬಿ12 ನೋಡಿಸಿ. ಇವುಗಳಲ್ಲಿ ಒಂದು ಏರುಪೇರಾದರೂ ಹತ್ತು ವರ್ಷ ಜಾಸ್ತಿ ವಯಸ್ಸಾದ ಹಾಗೆ ಅನಿಸಬಹುದು. ಬಿಪಿಯನ್ನು ವರ್ಷಕ್ಕೊಮ್ಮೆಯಾದರೂ ಅಳೆಸಿ.

ನಿದ್ದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಗೊರಕೆ ಮತ್ತು ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಜಾಸ್ತಿಯಾಗುತ್ತದೆ. ಎಂಟು ಗಂಟೆ ಮಲಗಿದರೂ ಬೆಳಿಗ್ಗೆ ತಲೆ ಭಾರ ಅನಿಸಿದರೆ, "ಗೊರಕೆ ಹೊಡೀತೀನಾ?" ಅಂತ ಪಕ್ಕದಲ್ಲಿ ಮಲಗುವವರನ್ನು ಕೇಳಿ. ಸಿಟ್ಟಾಗದೆ ಉತ್ತರ ಕೇಳಿಸಿಕೊಳ್ಳಿ.

ಕೆಮ್ಮಿದಾಗ, ನಕ್ಕಾಗ ಮೂತ್ರ ಜಿನುಗುವುದು. ಯಾರೂ ಬಾಯಿಬಿಟ್ಟು ಹೇಳದ ವಿಷಯ ಇದು. ನಗುವುದನ್ನೇ ಕಡಿಮೆ ಮಾಡಿದ ಹೆಂಗಸರಿದ್ದಾರೆ, ಅಲ್ವಾ? ಇದಕ್ಕೆ ಸುಲಭದ ವ್ಯಾಯಾಮ ಇದೆ. 1948ರಲ್ಲಿ ಆರ್ನಾಲ್ಡ್ ಕೆಗೆಲ್ ಎಂಬ ಅಮೆರಿಕದ ವೈದ್ಯರು ಇದರ ಬಗ್ಗೆ ಬರೆದರು. ಅವರ ಹೆಸರೇ ಅದಕ್ಕೆ ಉಳಿದಿದೆ. ಮಾಡುವ ಬಗೆ:

1. ಮೂತ್ರ ತಡೆಹಿಡಿಯುವಾಗ ಬಿಗಿಯುವ ಸ್ನಾಯು ಯಾವುದು ಅಂತ ಗುರುತಿಸಿ.
2. ಕೂತು ಅಥವಾ ಮಲಗಿ ಅದನ್ನು ಒಳಗೆ, ಮೇಲಕ್ಕೆ ಎಳೆದ ಹಾಗೆ 5 ಸೆಕೆಂಡು ಬಿಗಿಹಿಡಿಯಿರಿ. ಆಮೇಲೆ 5 ಸೆಕೆಂಡು ಪೂರ್ತಿ ಬಿಡಿ.
3. ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು.

ತಪ್ಪುಗಳು ಮೂರು. ಉಸಿರು ಹಿಡಿಯುವುದು. ಸೊಂಟ, ತೊಡೆ, ಹೊಟ್ಟೆ ಬಿಗಿಯುವುದು. ಮೂತ್ರ ಮಾಡುತ್ತಿರುವಾಗಲೇ ದಿನಾ ಇದನ್ನು ಅಭ್ಯಾಸ ಮಾಡುವುದು. ಅದರಿಂದ ಮೂತ್ರಕೋಶ ಪೂರ್ತಿ ಖಾಲಿಯಾಗದೆ ತೊಂದರೆ ಆಗಬಹುದು. ಎರಡು ವಾರಕ್ಕೆ ಫಲ ಕಾಣಲಿಲ್ಲ ಅಂತ ಬಿಡಬೇಡಿ, ಮೂರು ತಿಂಗಳು ಮಾಡಿ. ಆಗಲೂ ಕಡಿಮೆ ಆಗದಿದ್ದರೆ ವೈದ್ಯರಿಗೆ ಹೇಳಿ.

## ಹಂತ 3: ಮುಟ್ಟು ನಿಲ್ಲುವ ಕಾಲವನ್ನು ತಿಳಿದುಕೊಳ್ಳಿ

ಇದನ್ನು ದಾಟಿ ಹತ್ತು ವರ್ಷ ಆದವರು ಈ ಹಂತ ಬಿಟ್ಟು ಮುಂದೆ ಹೋಗಬಹುದು. ಒಂದು ಮಾತು ಮಾತ್ರ ನೆನಪಿಡಿ: ಮುಟ್ಟು ನಿಂತ ಮೇಲೆ ಒಂದೇ ಒಂದು ಕಲೆ ರಕ್ತ ಕಂಡರೂ ವೈದ್ಯರಲ್ಲಿಗೆ ಹೋಗಬೇಕು.

ಸತತ 12 ತಿಂಗಳು ಮುಟ್ಟಾಗದಿದ್ದರೆ ಅದು ನಿಂತಿದೆ ಎಂದು ಲೆಕ್ಕ. ಹೆಚ್ಚಿನವರಿಗೆ 45ರಿಂದ 55ರ ನಡುವೆ ಆಗುತ್ತದೆ. ಆದರೆ ಕಿರಿಕಿರಿ ಶುರುವಾಗುವುದು ಅದಕ್ಕೆ ಕೆಲವು ವರ್ಷ ಮೊದಲೇ. ಏಕಾಏಕಿ ಎದೆ, ಮುಖಕ್ಕೆ ಕಾವು ಏರಿ ಬೆವರುವುದು, ಕಾರಣ ಇಲ್ಲದೆ ಸಿಡುಕು, ಕೀಲು ನೋವು, ನಡುರಾತ್ರಿ ಎಚ್ಚರ. ಹಾರ್ಮೋನಿನ ಏರಿಳಿತ ಇದು ಅಂತ ಗೊತ್ತಿಲ್ಲದವಳು "ನನ್ನ ಸ್ವಭಾವವೇ ಕೆಟ್ಟುಹೋಯ್ತು" ಅಂದುಕೊಳ್ಳುತ್ತಾಳೆ. ಮೈ ಕಾವೇರುವುದು ಕೆಲವರಿಗೆ ಕೆಲವು ತಿಂಗಳಲ್ಲಿ ಮುಗಿಯುತ್ತದೆ, ಕೆಲವರಿಗೆ ಏಳೆಂಟು ವರ್ಷ ಹಿಡಿಯುತ್ತದೆ.

ಏನು ಮಾಡಬೇಕು? ಮಲಗುವ ಕೋಣೆ ತಂಪಾಗಿರಲಿ. ಒಂದರ ಮೇಲೊಂದು ತೆಳು ಬಟ್ಟೆ ಹಾಕಿ, ಬೇಕಾದಾಗ ಒಂದು ತೆಗೆಯಬಹುದು. ಯಾವಾಗ ಕಾವೇರಿತು ಅಂತ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ. ಕಾಫಿ, ಮದ್ಯ, ಖಾರ ಕೆಲವರಿಗೆ ಕಾರಣ, ಎಲ್ಲರಿಗೂ ಅಲ್ಲ. ಯೋನಿಯ ಒಣಗು, ಉರಿ ಇದ್ದರೆ ಹಚ್ಚುವ ಔಷಧಿಗಳಿವೆ, ಕೇಳಿ ಪಡೆಯಿರಿ.

ಹಾರ್ಮೋನ್ ಚಿಕಿತ್ಸೆಯ ಬಗ್ಗೆ ಸುಮ್ಮನೆ ಹೆದರುವವರೂ ಇದ್ದಾರೆ, ಸುಮ್ಮನೆ ನುಂಗುವವರೂ ಇದ್ದಾರೆ. 60 ದಾಟುವ ಮೊದಲು ಅಥವಾ ಮುಟ್ಟು ನಿಂತ 10 ವರ್ಷದೊಳಗೆ ಶುರು ಮಾಡುವ ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಲಾಭವೇ ಜಾಸ್ತಿ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ನಿಮ್ಮ ಲೆಕ್ಕವನ್ನು ವೈದ್ಯರ ಜೊತೆ ಕೂತೇ ಹಾಕಬೇಕು. ಗೆಳತಿಯ ಮಾತ್ರೆ ನಿಮಗೆ ಬೇಡ.

## ಹಂತ 4: ಕಾಲಿಗೆ ಬಲ ತುಂಬಿ

ನನ್ನ ಕೇಳಿದರೆ ಎಲ್ಲಕ್ಕಿಂತ ಜಾಸ್ತಿ ಫಲ ಕೊಡುವ ಹಂತ ಇದು. ನೆಲದಿಂದ ಕೈಯೂರದೆ ಎದ್ದ ದಿನ ಮನಸ್ಸಿಗೆ ಪ್ರತ್ಯೇಕ ಉಪದೇಶ ಬೇಕಾಗುವುದಿಲ್ಲ.

ಮುಟ್ಟು ನಿಂತ ಮೊದಲ ಕೆಲವು ವರ್ಷ ಮೂಳೆ ಬೇಗ ಸವೆಯುತ್ತದೆ. ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆಯಾಗುವುದೇ ಕಾರಣ. ಸ್ನಾಯು ಅದಕ್ಕೂ ಮೊದಲಿಂದಲೇ ಮೆಲ್ಲಗೆ ಕರಗುತ್ತಿರುತ್ತದೆ. ಎರಡಕ್ಕೂ ಮದ್ದು ಒಂದೇ, ಭಾರದ ವಿರುದ್ಧ ಕೆಲಸ.

ಮೊದಲು ಅಳೆಯಿರಿ. ಕುರ್ಚಿಯನ್ನು ಗೋಡೆಗೆ ಒರಗಿಸಿ. ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿ ಕೂರಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತು ಕೂರುತ್ತೀರಿ, ಎಣಿಸಿ. 60ರಿಂದ 64ರ ಹೆಂಗಸರಿಗೆ 12ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಸರಾಸರಿಗಿಂತ ಕಡಿಮೆ ಅಂತ ಅರ್ಥ. 65ರಿಂದ 69ಕ್ಕೆ ಆ ಗಡಿ 11, 70ರಿಂದ 74ಕ್ಕೆ 10. ಇನ್ನೂ ಚಿಕ್ಕವರಾದರೆ ಇವತ್ತಿನ ಅಂಕಿಯನ್ನು ಬರೆದಿಡಿ, ಅದನ್ನು ಮೀರಿಸುವುದೇ ಗುರಿ.

ಆಮೇಲೆ ಮಾಡಿ. ವಾರಕ್ಕೆ 150 ನಿಮಿಷ ಚುರುಕು ನಡಿಗೆ ಮತ್ತು ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ, ಇದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. 65 ದಾಟಿದವರಿಗೆ ವಾರದಲ್ಲಿ ಮೂರು ದಿನ ಸಮತೋಲನದ ಅಭ್ಯಾಸವನ್ನೂ ಸೇರಿಸಲು ಅದು ಹೇಳುತ್ತದೆ. ಮನೆಯಲ್ಲೇ ಸಾಕು: ಕುರ್ಚಿಯಿಂದ ಏಳುವುದು 8 ಸಲ, ಗೋಡೆಗೆ ಕೈಯಿಟ್ಟು ತಳ್ಳುವುದು 8 ಸಲ, ಹಿಮ್ಮಡಿ ಎತ್ತಿ ಇಳಿಸುವುದು 10 ಸಲ. ಇಷ್ಟನ್ನು ಎರಡು ಸುತ್ತು. ಹಲ್ಲುಜ್ಜುವಾಗ ಒಂದು ಕೈಯಲ್ಲಿ ಆಸರೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲಿ, ಎಡಕ್ಕೆ 10 ಸೆಕೆಂಡು, ಬಲಕ್ಕೆ 10 ಸೆಕೆಂಡು.

ತಪ್ಪುಗಳು: ಬರೀ ನಡೆಯುವುದು ಮೊದಲನೆಯದು. ನಡಿಗೆ ಹೃದಯಕ್ಕೆ ಒಳ್ಳೆಯದು, ಆದರೆ ತೋಳಿಗೆ ಅದರಿಂದ ಏನೂ ಸಿಗುವುದಿಲ್ಲ. ಮೊದಲ ದಿನವೇ ಮಗಳ ವೇಗಕ್ಕೆ ಹೋಗಿ ಮೂರನೇ ದಿನ ಮಲಗುವುದು ಎರಡನೆಯದು. ಊಟದಲ್ಲಿ ಪ್ರೋಟೀನ್ ಮರೆಯುವುದು ಮೂರನೆಯದು. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ತಿನ್ನುವವಳಿಗೆ ಉಳಿಯುವುದು ಪ್ರೋಟೀನ್ ಅಂತೂ ಅಲ್ಲ. ಬೇಳೆ, ಕಾಳು, ಹಾಲು, ಮೊಟ್ಟೆ, ಮೀನು, ಯಾವುದು ನಿಮಗೆ ಒಗ್ಗುತ್ತದೋ ಅದು ಪ್ರತಿ ಹೊತ್ತಿನ ತಟ್ಟೆಯಲ್ಲೂ ಇರಲಿ.

ನಿಲ್ಲಿಸಬೇಕಾದ ಸೂಚನೆ: ಎದೆ ಬಿಗಿತ, ತಲೆ ಸುತ್ತು, ಮರುದಿನಕ್ಕೂ ಇಳಿಯದ ಕೀಲಿನ ಊತ.

## ಹಂತ 5: ಈಗ ಕನ್ನಡಿ

ಹಿಂದಿನ ಹಂತಗಳು ಆಗದೆ ಇಲ್ಲಿಗೆ ಬಂದರೆ ಸುಸ್ತಾದ ಮುಖವನ್ನು ನೋಡಿ "ಮುದಿ ಮುಖ" ಅಂತ ತೀರ್ಮಾನ ಮಾಡಿಬಿಡುತ್ತೀರಿ.

ಹಗಲು ಬೆಳಕಿನಲ್ಲಿ, ಕನ್ನಡಕ ಹಾಕಿಕೊಂಡು, ಎರಡು ನಿಮಿಷ ಮುಖ ನೋಡಿ. ಇರುವುದನ್ನು ಇರುವ ಹಾಗೆ ಹೇಳಿ. "ಕಣ್ಣಿನ ಪಕ್ಕ ಮೂರು ಗೆರೆ. ಎಡ ಕೆನ್ನೆಯಲ್ಲಿ ಕಂದು ಚುಕ್ಕೆ." "ಅಸಹ್ಯ" ಅನ್ನುವ ಪದ ಬಂದರೆ ಪುನಃ ಶುರು ಮಾಡಿ. "ಸುಂದರ" ಅನ್ನುವ ಪದ ಬಲವಂತಕ್ಕೆ ಬಂದರೂ ಅಷ್ಟೇ. ವಾರಕ್ಕೆ ಎರಡು ಸಲ ಸಾಕು. ಫೋನಿನ ಸೆಲ್ಫಿ ಕ್ಯಾಮೆರಾ ಇದಕ್ಕೆ ಬೇಡ. ಹತ್ತಿರದಿಂದ ಹಿಡಿದರೆ ಮೂಗು ದೊಡ್ಡದಾಗಿ ಕಾಣುತ್ತದೆ, ಇಪ್ಪತ್ತರ ಹುಡುಗಿಯದ್ದೂ.

ಚರ್ಮಕ್ಕೆ ನಿಜವಾಗಿ ಕೆಲಸ ಮಾಡುವುದು ಬಿಸಿಲಿನಿಂದ ಕಾಪಾಡುವುದು: ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಜಾಸ್ತಿ ಇರುವ ಸನ್‌ಸ್ಕ್ರೀನ್, ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ. ಕೆಳಗಿನ ತಪ್ಪನ್ನು ಎಲ್ಲರೂ ಮಾಡುತ್ತೇವೆ: ಮುಖಕ್ಕೆ ಹಚ್ಚಿ ಕತ್ತನ್ನೂ ಕೈಯ ಹಿಂಭಾಗವನ್ನೂ ಮರೆಯುವುದು.

ಇನ್ನು ಕೂದಲು. ಬಣ್ಣ ಹಚ್ಚುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ಹಚ್ಚಿದವಳು ವಯಸ್ಸನ್ನು ಒಪ್ಪಿಲ್ಲ ಅನ್ನುವುದು ಬೇರೆಯವರ ತಲೆನೋವು. ಹಚ್ಚುವುದಾದರೆ ಕಿವಿಯ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ಕಾದು ನೋಡಿ. ಡೈಯಲ್ಲಿ ಹೆಚ್ಚಾಗಿ ಇರುವ ಪಿಪಿಡಿ ಎಂಬ ರಾಸಾಯನಿಕದಿಂದ, ವರ್ಷಗಟ್ಟಲೆ ಒಗ್ಗಿದವರಿಗೂ ಒಂದು ದಿನ ಅಲರ್ಜಿ ಆಗಬಹುದು. ಬಿಡುವುದಾದರೆ ಲೆಕ್ಕ ತಿಳಿದು ಬಿಡಿ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಹೆಗಲವರೆಗಿನ ಕೂದಲು ಪೂರ್ತಿ ನೆರೆತು ಕಾಣಲು ಎರಡು ವರ್ಷ ಬೇಕು. ನಡುವೆ ನಾಲ್ಕೈದನೇ ತಿಂಗಳು ಎರಡು ಬಣ್ಣದ ತಲೆ ಕಂಡು ಪುನಃ ಡೈ ಹಚ್ಚಿ, ಮತ್ತೆ ಮೊದಲಿಂದ ಶುರು ಮಾಡುವವರೇ ಜಾಸ್ತಿ. ಆ ತಿಂಗಳು ಕೂದಲು ಗಿಡ್ಡ ಮಾಡಿಸಿದರೆ ದಾರಿ ಅರ್ಧ ಮುಗಿಯುತ್ತದೆ.

## ಹಂತ 6: ನಾಲಿಗೆ

"ಮಾ" ಗುರುತಿನ ಸಾಲುಗಳನ್ನು ಈಗ ತೆಗೆಯಿರಿ. ಮೊದಲು ನಿಮ್ಮದೇ ಮಾತು. ಉಪಾಯ ಸಣ್ಣದು: ವಾಕ್ಯದಿಂದ "ವಯಸ್ಸು" ತೆಗೆದು ಅಲ್ಲಿ ನಿಜವಾದ ಕಾರಣ ಇಡಿ. "ವಯಸ್ಸಾಯ್ತು, ಬರೋಕಾಗಲ್ಲ" ಬದಲು "ಸಂಜೆ ಮೇಲೆ ಗಾಡಿ ಓಡಿಸೋಕೆ ಕಣ್ಣು ಕುಕ್ಕುತ್ತೆ, ಹಗಲು ಬರ್ತೀನಿ". ಮೊದಲನೆಯದರಲ್ಲಿ ಬಾಗಿಲು ಮುಚ್ಚಿತು, ಎರಡನೆಯದರಲ್ಲಿ ಹೊತ್ತು ಬದಲಾಯಿತು.

ಬೇರೆಯವರ ಮಾತಿಗೆ ಉತ್ತರ ಮೊದಲೇ ಸಿದ್ಧ ಇಟ್ಟುಕೊಳ್ಳಿ. "ಈ ವಯಸ್ಸಲ್ಲಿ ಇದೆಲ್ಲಾ ಬೇಕಾ?" ಅಂದರೆ "ಹೂಂ, ಬೇಕು" ಸಾಕು. ಕಾರಣ ಕೊಡಲು ಹೋದರೆ ವಾದ ಶುರುವಾಗುತ್ತದೆ. "ನಿಮ್ಮ ವಯಸ್ಸು ಗೊತ್ತೇ ಆಗಲ್ಲ ನೋಡಿ" ಅನ್ನುವ ಹೊಗಳಿಕೆಗೆ ನಾನು "ನನಗೆ 58" ಅಂತ ಅಂಕಿ ಹೇಳಿಬಿಡುತ್ತೇನೆ. ಮೊದಲ ಸಲ ಹೇಳುವಾಗ ಗಂಟಲು ಕಟ್ಟಿತ್ತು.

"ವಯಸ್ಸು ಬರೀ ಒಂದು ಸಂಖ್ಯೆ" ಅನ್ನುವ ಘೋಷಣೆ ಬೇಡ. ಮೂಳೆಗೂ ಗೊತ್ತು, ಮಾತ್ರೆ ಬರೆಯುವ ವೈದ್ಯರಿಗೂ ಗೊತ್ತು, ಅದು ಬರೀ ಸಂಖ್ಯೆಯಲ್ಲ. ಹಾಗಂತ ಮಾತಿಗೆ ಬೆಲೆ ಇಲ್ಲ ಅಂತಲೂ ಅಲ್ಲ. ಯೇಲ್ ವಿಶ್ವವಿದ್ಯಾಲಯದ ಬೆಕ್ಕಾ ಲೆವಿ ಮತ್ತು ಜೊತೆಗಾರರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಒಹಾಯೊದಲ್ಲಿ 50 ದಾಟಿದ 660 ಜನರ ಮಾಹಿತಿ ಅದರಲ್ಲಿತ್ತು. ತಮ್ಮ ವಯಸ್ಸಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಇಲ್ಲದವರಿಗಿಂತ ಸುಮಾರು 7.5 ವರ್ಷ ಜಾಸ್ತಿ ಬದುಕಿದ್ದರು. ಭಾವನೆಯೊಂದೇ ಆಯುಸ್ಸು ಕೊಟ್ಟಿತು ಅಂತ ಇದರಿಂದ ಸಾಬೀತಾಗುವುದಿಲ್ಲ. ಆದರೆ "ಇನ್ನೇನು ಮುಗೀತು" ಅಂದುಕೊಂಡವಳು ಕುರ್ಚಿಯಿಂದ ಎಂಟು ಸಲ ಏಳುವ ಕಷ್ಟವನ್ನಾದರೂ ಯಾಕೆ ಪಡುತ್ತಾಳೆ?

## ಹಂತ 7: ಜನ

ಗೆಳತಿಯರ ಬಳಗ ಚಿಕ್ಕದಾಗುವುದು ಸೋಲಲ್ಲ. ವಯಸ್ಸಾದಂತೆ ಮನಸ್ಸಿಗೆ ಹತ್ತಿರದವರನ್ನು ಉಳಿಸಿಕೊಂಡು ಮಿಕ್ಕವರನ್ನು ಬಿಡುವುದು ಸಹಜ ಅಂತ ಸ್ಟ್ಯಾನ್‌ಫರ್ಡಿನ ಮನೋವಿಜ್ಞಾನಿ ಲಾರಾ ಕಾರ್ಸ್ಟೆನ್‌ಸೆನ್ ತೋರಿಸಿದ್ದಾರೆ. ಆದರೂ ಇಬ್ಬರನ್ನು ಹುಡುಕಿಕೊಳ್ಳಿ: ನಿಮಗಿಂತ ಹದಿನೈದು ವರ್ಷ ದೊಡ್ಡವರು ಒಬ್ಬರು, ಚಿಕ್ಕವರು ಒಬ್ಬರು. ದೊಡ್ಡವರನ್ನು "ನನ್ನ ವಯಸ್ಸಲ್ಲಿ ನಿಮಗೆ ಯಾವುದು ಕಷ್ಟ ಆಗಿತ್ತು?" ಅಂತ ಕೇಳಿ. ಚಿಕ್ಕವರಿಂದ ಏನಾದರೂ ಕಲಿಯಿರಿ, ಕಲಿಸಲು ಹೋಗಬೇಡಿ. ಬರೀ ಕಾಯಿಲೆ ಲೆಕ್ಕ ಹೇಳುವ ಗುಂಪಿನಲ್ಲಿ ವಾರಕ್ಕೊಂದು ಗಂಟೆಗಿಂತ ಜಾಸ್ತಿ ಕೂರಬೇಡಿ.

## ಹಂತ 8: ಭಯದ ಸಾಲುಗಳು

"ಭ" ಗುರುತಿನ ಪ್ರತಿ ಸಾಲನ್ನೂ ಒಂದು ಕಾಗದದ ಕೆಲಸವಾಗಿ ಬದಲಾಯಿಸಿ. "ಬಿದ್ದರೆ ಯಾರು ನೋಡ್ತಾರೆ?" ಇದಕ್ಕೆ: ಮೂರು ಫೋನ್ ನಂಬರು ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ, ಬಚ್ಚಲಲ್ಲಿ ಹಿಡಿದುಕೊಳ್ಳಲು ಸರಳು ಹಾಕಿಸಿ. "ದುಡ್ಡು ಸಾಕಾಗುತ್ತಾ?" ಇದಕ್ಕೆ: ನಿಮ್ಮ ಹೆಸರಿನಲ್ಲಿ ಏನಿದೆ, ಎಲ್ಲಿದೆ, ಒಂದು ಪುಟ. ಮನೆಯವರಿಗೆ ಗೊತ್ತಿದೆ ಅನ್ನುವುದು ಉತ್ತರ ಅಲ್ಲ, ನಿಮಗೆ ಗೊತ್ತಿರಬೇಕು. "ಅಮ್ಮನಿಗೆ ಬಂದದ್ದು ನನಗೂ ಬರುತ್ತಾ?" ಇದಕ್ಕೆ: ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಎಷ್ಟನೇ ವಯಸ್ಸಿಗೆ ಬಂತು ಅಂತ ಬರೆದು ವೈದ್ಯರಿಗೆ ತೋರಿಸಿ. ಸ್ತನ ಕ್ಯಾನ್ಸರ್, ತಂದೆ ತಾಯಿಗೆ ಆದ ಸೊಂಟದ ಮುರಿತ, ಇವು ಅವರಿಗೆ ಬೇಕಾದ ಮಾಹಿತಿ.

## ಒಪ್ಪಿಕೊಳ್ಳಬಾರದ ಸಂಗತಿಗಳು

"ವಯಸ್ಸಿಗೆ ಸಹಜ" ಅಂತ ತಳ್ಳಿಹಾಕಿ ತಡ ಮಾಡಬಾರದ್ದು ಇವು. ಯಾರೇ ಹಾಗೆ ಹೇಳಿದರೂ, ವೈದ್ಯರೇ ಹೇಳಿದರೂ, ಇನ್ನೊಬ್ಬರ ಹತ್ತಿರ ತೋರಿಸಿ.

- ಸ್ತನದಲ್ಲಿ ಹೊಸ ಗಂಟು, ಚರ್ಮ ಗುಳಿ ಬೀಳುವುದು, ತೊಟ್ಟಿನಿಂದ ರಕ್ತ.
- ಪ್ರಯತ್ನ ಇಲ್ಲದೆ ತೂಕ ಇಳಿಯುವುದು.
- ಏದುಸಿರು, ದವಡೆ ಅಥವಾ ಬೆನ್ನಿನ ನೋವು, ವಾಕರಿಕೆ, ತಣ್ಣನೆ ಬೆವರು ಇದ್ದಕ್ಕಿದ್ದಂತೆ ಬಂದರೆ ತಕ್ಷಣ ಆಸ್ಪತ್ರೆಗೆ. ಹೆಂಗಸರಿಗೆ ಹೃದಯಾಘಾತ ಎದೆನೋವಿಲ್ಲದೆಯೂ ಆಗಬಹುದು.
- ಸಣ್ಣದಾಗಿ ಬಿದ್ದರೂ ಮೂಳೆ ಮುರಿಯುವುದು, ಎತ್ತರ ಕುಗ್ಗುವುದು.
- ಕೀಲಿಕೈ ಎಲ್ಲಿಟ್ಟೆ ಅಂತ ಮರೆಯುವುದು ಎಲ್ಲರಿಗೂ ಆಗುತ್ತದೆ. ಕೀಲಿಕೈಯಿಂದ ಏನು ಮಾಡಬೇಕು ಅಂತ ತೋಚದಿರುವುದು ಬೇರೆ.
- ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಆಸೆ ಇಲ್ಲದಿರುವುದು, ಬದುಕು ಬೇಡ ಅನಿಸುವುದು. ಇದಕ್ಕೆ ಈ ಎಂಟು ಹಂತ ಮದ್ದಲ್ಲ, ಇವತ್ತೇ ಯಾರಿಗಾದರೂ ಹೇಳಿ, ವೈದ್ಯರನ್ನು ಕಾಣಿ.

## ಮೂರು ತಿಂಗಳಾದ ಮೇಲೆ

ಹಂತ 1ನ್ನು ಪುನಃ ಮಾಡಿ. ಏಳು ದಿನ, ಅದೇ ನೋಟ್‌ಬುಕ್. ಕುರ್ಚಿ ಪರೀಕ್ಷೆಯ ಅಂಕಿಯನ್ನೂ ಪಕ್ಕದಲ್ಲಿ ಬರೆಯಿರಿ. "ದೇ" ಸಾಲುಗಳು ಕಡಿಮೆ ಆಗದಿದ್ದರೆ ಹಂತ 2ರಲ್ಲಿ ಏನೋ ಬಿಟ್ಟುಹೋಗಿದೆ, ಅಲ್ಲಿಗೇ ಹೋಗಿ. ಎಲ್ಲ ಸಾಲೂ ಮಾಯವಾಗಬೇಕು ಅಂತ ಕಾಯಬೇಡಿ. ನನ್ನ ಎರಡನೇ ಪಟ್ಟಿಯಲ್ಲಿ ಕತ್ತಿನ ಸುಕ್ಕಿನ ಸಾಲು ಹಾಗೇ ಇತ್ತು. ಹಳೇ ಪುಟದ ಜೊತೆ ಹೋಲಿಸಿ ನೋಡೋಣ ಅಂತ ಮನೆಯೆಲ್ಲಾ ಕನ್ನಡಕ ಹುಡುಕಿದೆ. ತಲೆ ಮೇಲೇ ಇತ್ತು.